ಚೇಷ್ಟೆ ಶುರುವಾದ ತಾರೀಖು ನೆನಪಿದೆಯೆ?

ಮಾನ್ಯ ಸಂಪಾದಕರೆ,

‘ಕುಂತಲ್ಲಿ ಕುಂತ್ಕಳಲ್ಲ, ನಿಂತಲ್ಲಿ ನಿಂತ್ಕಳಲ್ಲ’ ಎಂಬ ದೂರು ಮಂಡ್ಯ, ಮೈಸೂರು ಕಡೆಯ ಮಕ್ಕಳ ಕ್ಲಿನಿಕ್ಕುಗಳಿಗೆ ಹೊಸದೇನಲ್ಲ. ಬಹುಪಾಲು ವಯಸ್ಸಿನ ತುಂಟತನ, ಕೆಲವು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ. ಈ ಪತ್ರ ಇವೆರಡಕ್ಕೂ ಸೇರದ ಒಂದು ಸಣ್ಣ ಗುಂಪಿನ ಮಕ್ಕಳ ಬಗ್ಗೆ. ‘ಯಾವಾಗಿಂದ ಹೀಗೆ?’ ಎಂದು ಕೇಳಿದರೆ ಉಳಿದ ತಾಯಂದಿರು ‘ಅಂಬೆಗಾಲಿಡುವಾಗಿಂದ್ಲೂ ಹಿಂಗೇ’ ಎನ್ನುತ್ತಾರೆ. ಈ ಗುಂಪಿನ ತಾಯಂದಿರು ಮಾತ್ರ ‘ಗೌರಿ ಹಬ್ಬ ಆಗಿ ಮೂರನೇ ದಿನ, ಬುಧವಾರ ಬೆಳಿಗ್ಗೆ’ ಎಂದು ತಾರೀಖನ್ನೇ ಹೇಳುತ್ತಾರೆ. ಆ ತಾರೀಖಿನ ಹಿಂದಿನ ವಾರಗಳಲ್ಲಿ ಮಗುವಿಗೆ ಗಂಟಲು ನೋವು, ಜ್ವರ ಬಂದಿತ್ತೆ ಎಂದು ಕೇಳುವವರು ಕಡಿಮೆ. ಅಷ್ಟರೊಳಗೆ ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ, ನಾಲ್ಕು ಏಟು ಕೊಟ್ಟು, ಟ್ಯೂಷನ್ ಬದಲಿಸಿ ಆಗಿರುತ್ತದೆ.

ಇದಕ್ಕೆ ವೈದ್ಯಕೀಯದಲ್ಲಿ ಪ್ಯಾಂಡಾಸ್ ಎಂದು ಹೆಸರು. ಬಿದಿರು ತಿನ್ನುವ ಕರಡಿಗೂ ಇದಕ್ಕೂ ಸಂಬಂಧವಿಲ್ಲ. ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸೂಸನ್ ಸ್ವೀಡೊ ಮತ್ತು ಸಂಗಡಿಗರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿ ಈ ಹೆಸರಿಟ್ಟರು. ಗಂಟಲಿಗೆ ಬರುವ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯದ ಮೇಲೆ ದಾಳಿ ಮಾಡಲು ದೇಹ ತಯಾರಿಸಿದ ಪ್ರತಿಕಾಯಗಳು ದಾರಿ ತಪ್ಪಿ, ಚಲನೆ ಮತ್ತು ಅಭ್ಯಾಸಗಳನ್ನು ನಿಯಂತ್ರಿಸುವ ಮಿದುಳಿನ ಒಳಭಾಗಕ್ಕೆ ತಾಗುತ್ತವೆ ಎಂಬುದು ಇದರ ಹಿಂದಿನ ತರ್ಕ. ಈ ತರ್ಕವನ್ನು ಪೂರ್ತಿ ಒಪ್ಪದ ತಜ್ಞರೂ ಇದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಬರೀ ಚೇಷ್ಟೆ ಇದ್ದರೆ ಅದು ಪ್ಯಾಂಡಾಸ್ ಆಗುವುದಿಲ್ಲ. ಮೂರು ವರ್ಷ ದಾಟಿದ, ಇನ್ನೂ ಪ್ರಾಯಕ್ಕೆ ಬಾರದ ಮಗುವಿನಲ್ಲಿ ಗೀಳು ಅಥವಾ ಟಿಕ್ಸ್ ಏಕಾಏಕಿ ಕಾಣಿಸಬೇಕು, ಅವು ಏರಿಳಿಯುತ್ತಿರಬೇಕು, ಸ್ಟ್ರೆಪ್ ಸೋಂಕಿನೊಂದಿಗೆ ಕಾಲದ ನಂಟಿರಬೇಕು, ಕಾಯಿಲೆ ಕೆರಳಿದಾಗ ಅತಿಚಟುವಟಿಕೆ ಅಥವಾ ಬೆರಳು, ಭುಜಗಳ ತನ್ನಷ್ಟಕ್ಕೆ ನಡೆಯುವ ಸಣ್ಣ ಚಲನೆಗಳಿರಬೇಕು. ಗೀಳು ಎಂದರೆ ಪದೇ ಪದೇ ಕೈ ತೊಳೆಯುವುದು, ‘ಅಮ್ಮ, ಗ್ಯಾಸ್ ಆಫ್ ಮಾಡಿದ್ಯಾ?’ ಎಂದು ನಲವತ್ತು ಸಲ ಕೇಳುವುದು. ಟಿಕ್ಸ್ ಎಂದರೆ ಕಣ್ಣು ಪಿಳುಕಿಸುವುದು, ಭುಜ ಹಾರಿಸುವುದು, ಗಂಟಲು ಕೆರೆಯುವುದು. ಜೊತೆಗೆ ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಓಡುವುದು, ತಾಯಿ ಸ್ನಾನಕ್ಕೆ ಹೋದರೂ ಬಾಗಿಲ ಹೊರಗೆ ಕೂತು ಅಳುವುದು, ಏಳು ವರ್ಷದ ಹುಡುಗ ಮೂರು ವರ್ಷದವನಂತೆ ತೊದಲುವುದು, ರಾತ್ರಿ ಎರಡಕ್ಕೆ ಎದ್ದು ಕೂರುವುದು. ಮೂತ್ರದ ತೊಂದರೆ ಇದ್ದಾಗ ಮೂತ್ರ ಪರೀಕ್ಷೆ, ರಕ್ತದ ಸಕ್ಕರೆ ಎರಡನ್ನೂ ಅದೇ ದಿನ ನೋಡಿಸಬೇಕು. ಸೋಂಕು ಅಥವಾ ಮಕ್ಕಳ ಸಕ್ಕರೆ ಕಾಯಿಲೆ ಇದ್ದರೆ ಕಥೆಯೇ ಬೇರೆ.

ನಮ್ಮ ಕಡೆಯ ಒಂದು ವಿಶೇಷ ತೊಡಕು ಮಡಿ. ಮಗು ಹೊರಗಿನಿಂದ ಬಂದು ಮೂರು ಸಲ ಕಾಲು ತೊಳೆದರೆ ಅಜ್ಜಿಗೆ ಸಂತೋಷ. ಐದಾದರೂ ಸಂತೋಷ. ಕೈ ಚರ್ಮ ಬಿರಿದು ರಕ್ತ ಜಿನುಗುವವರೆಗೆ ಅದು ಗೀಳು ಎಂದು ಯಾರಿಗೂ ಹೊಳೆಯುವುದಿಲ್ಲ. ಮಡಿಗೆ ಒಂದು ನಿಲುಗಡೆ ಇದೆ, ತೊಳೆದರೆ ಮುಗಿಯಿತು. ಗೀಳಿಗೆ ಆ ‘ಮುಗಿಯಿತು’ ಇರುವುದಿಲ್ಲ.

ಮನೆಯಲ್ಲೇ ಸಿಗುವ ಒಳ್ಳೆಯ ಸಾಕ್ಷಿ ಶಾಲೆಯ ನೋಟ್‌ಬುಕ್. ಕಾಪಿರೈಟಿಂಗ್ ಪುಸ್ತಕವನ್ನು ತಾರೀಖಿನ ಪ್ರಕಾರ ಹಿಂದಕ್ಕೆ ತಿರುವಿ ನೋಡಿ. ಎಡಿಎಚ್‌ಡಿ ಇರುವ ಮಗುವಿನ ಬರಹ ಜೂನ್‌ನಲ್ಲೂ ಸೊಟ್ಟ, ಅಕ್ಟೋಬರ್‌ನಲ್ಲೂ ಸೊಟ್ಟ. ಇಲ್ಲಿ ಹಾಗಲ್ಲ: ಒಂದು ಪುಟದವರೆಗೆ ಗೆರೆಯೊಳಗೆ ಕೂತ ಅಕ್ಷರ ಮುಂದಿನ ವಾರದ ಪುಟದಲ್ಲಿ ಕುಣಿಯತೊಡಗುತ್ತದೆ. ಒತ್ತಕ್ಷರ ತನ್ನ ಅಕ್ಷರವನ್ನು ಬಿಟ್ಟು ಕೆಳಗಿನ ಗೆರೆಗೆ ಜಾರುತ್ತದೆ, ಕೊಂಬು ಪಕ್ಕದ ಅಕ್ಷರಕ್ಕೆ ತಗಲಿಕೊಳ್ಳುತ್ತದೆ, ಸಾಲಿನ ಆರಂಭ ಮಾರ್ಜಿನ್‌ನಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತದೆ. ಕೆಲವು ಮಕ್ಕಳು ಒಂದೇ ಅಕ್ಷರವನ್ನು ಹಾಳೆ ತೂತಾಗುವವರೆಗೆ ಅಳಿಸಿ ಬರೆದಿರುತ್ತಾರೆ. ಆ ಪುಸ್ತಕವನ್ನು ವೈದ್ಯರ ಬಳಿಗೆ ತಪ್ಪದೆ ಒಯ್ಯಿರಿ. ಹತ್ತು ನಿಮಿಷದ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ.

ಇನ್ನೊಂದು ಸರಳ ಪರೀಕ್ಷೆ. ಮಗುವನ್ನು ನಿಲ್ಲಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ಬೆರಳು ಅಗಲಿಸಿ, ಕಣ್ಣು ಮುಚ್ಚಿಸಿ ಅರ್ಧ ನಿಮಿಷ ನೋಡಿ. ಬೆರಳುಗಳು ಹಾರ್ಮೋನಿಯಂ ನುಡಿಸಿದ ಹಾಗೆ ಸಣ್ಣಗೆ ಆಡಿದರೆ ಬರೆದುಕೊಳ್ಳಿ. ಆಮೇಲೆ ನಿಮ್ಮ ಎರಡು ಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿ. ಹಿಡಿತ ಒಂದೇ ಸಮ ನಿಲ್ಲದೆ, ಹಸುವಿನ ಕೆಚ್ಚಲಿಗೆ ಕೈ ಹಾಕಿ ಹಾಲು ಕರೆದಂತೆ ಬಿಗಿಯುತ್ತ ಸಡಿಲುತ್ತ ಇದ್ದರೆ, ಚಾಚಿದ ನಾಲಿಗೆ ಹೊರಗೆ ನಿಲ್ಲದೆ ಪುಸಕ್ಕನೆ ಒಳಗೆ ಹೋಗುತ್ತಿದ್ದರೆ, ಕೈಯಿಂದ ಲೋಟ ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾಂಡಾಸನ್ನಲ್ಲ, ಸಿಡನ್‌ಹ್ಯಾಮ್ ಕೊರಿಯವನ್ನು. ಅದು ಕೈಕಾಲು ತನ್ನಷ್ಟಕ್ಕೆ ಕುಣಿಯುವ ಕಾಯಿಲೆ, ಸ್ಟ್ರೆಪ್ ಗಂಟಲು ಬೇನೆಯ ನಂತರ ಬರುವ ರುಮ್ಯಾಟಿಕ್ ಜ್ವರದ ಒಂದು ರೂಪ. ಈ ಜ್ವರ ಹೃದಯದ ಕವಾಟವನ್ನು ಕೆಡಿಸಬಹುದು. ನಮ್ಮ ದೇಶದಲ್ಲಿ ರುಮ್ಯಾಟಿಕ್ ಜ್ವರ ಇನ್ನೂ ಇದೆ ಎಂಬುದನ್ನು ಅಮೆರಿಕದ ವೆಬ್‌ಸೈಟ್ ಓದಿ ಬಂದ ತಂದೆತಾಯಿಗೆ ಯಾರೂ ಹೇಳಿರುವುದಿಲ್ಲ. ಗಂಟಲು ಬೇನೆಯಾಗಿ ಆರು ತಿಂಗಳ ನಂತರವೂ ಕೊರಿಯ ಕಾಣಿಸಬಹುದು, ಅಷ್ಟರಲ್ಲಿ ರಕ್ತದ ವರದಿ ಸರಿಹೋಗಿರಲೂಬಹುದು. ಆದ್ದರಿಂದ ಸ್ಟೆತಸ್ಕೋಪಿಗೆ ಏನೂ ಕೇಳಿಸದಿದ್ದರೂ ಎಕೊ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲೇಬೇಕು. ಮೈಸೂರಿನಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಕೊರಿಯ ಎಂದು ಖಚಿತವಾದರೆ 21 ದಿನಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ವರ್ಷಗಟ್ಟಲೆ ನಡೆಯಬೇಕು. ಪ್ಯಾಂಡಾಸ್ ಎಂದುಕೊಂಡು ಇದನ್ನು ಬಿಟ್ಟರೆ ತೆರುವ ಬೆಲೆ ದೊಡ್ಡದು.

ಈಗ ಗಂಟಲ ಪರೀಕ್ಷೆ. ಇಲ್ಲೇ ಹೆಚ್ಚು ಕೆಡುವುದು. ಗಂಟಲು ನೋವು ಎಂದ ಕೂಡಲೆ ಮೆಡಿಕಲ್ ಸ್ಟೋರಿಗೆ ಹೋಗಿ ಮೂರು ಮಾತ್ರೆಯ ಅಜಿತ್ರೊಮೈಸಿನ್ ತಂದು ನುಂಗಿಸುವುದು ನಮ್ಮೂರುಗಳ ರೂಢಿ. ಅದಾದ ಮೇಲೆ ಹತ್ತಿಕಡ್ಡಿಯಿಂದ ಗಂಟಲ ಸ್ವಾಬ್ ತೆಗೆದರೆ ಬ್ಯಾಕ್ಟೀರಿಯ ಸಿಗದೆ ‘ಏನೂ ಇಲ್ಲ’ ಎಂಬ ವರದಿ ಬರುವುದು ಸಹಜ. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಸ್ವಾಬ್ ತೆಗೆಯಬೇಕು. ಹತ್ತಿಕಡ್ಡಿ ಎರಡೂ ಟಾನ್ಸಿಲ್ ಮತ್ತು ಗಂಟಲ ಹಿಂಗೋಡೆಗೆ ತಾಗಬೇಕು, ನಾಲಿಗೆ ಕೆನ್ನೆಗಳಿಗೆ ತಾಗಬಾರದು. ಒದ್ದಾಡುವ ಮಗುವನ್ನು ಒಬ್ಬರು ತೊಡೆಯ ಮೇಲೆ ಕೂರಿಸಿಕೊಂಡು ಹಣೆ, ಕೈ ಹಿಡಿಯದಿದ್ದರೆ ಕಡ್ಡಿ ನಾಲಿಗೆ ಸವರಿ ಹೊರಬರುತ್ತದೆ, ಕೊಟ್ಟ ದುಡ್ಡು ನೀರಿಗೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯ ಬೆಳೆಸಿ ನೋಡುವ ಕಲ್ಚರ್ ವರದಿಗೆ 24ರಿಂದ 48 ಗಂಟೆ ಬೇಕು. ಈ ಎರಡು ದಿನ ಕಾಯುವುದರಿಂದ ನಷ್ಟವಿಲ್ಲ. ಗಂಟಲು ನೋವು ಶುರುವಾದ 9 ದಿನದೊಳಗೆ ಸರಿಯಾದ ಔಷಧಿ ಬಿದ್ದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಗುದದ್ವಾರದ ಸುತ್ತ ಕೆಂಪಗೆ ಉರಿಯುತ್ತಿದ್ದರೆ ಅದನ್ನೂ ಮುಚ್ಚಿಡದೆ ತೋರಿಸಿ, ಈ ಬ್ಯಾಕ್ಟೀರಿಯ ಅಲ್ಲೂ ಇರುತ್ತದೆ.

ಸೋಂಕು ಖಚಿತವಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪೂರ್ತಿ 10 ದಿನ. ಮೂರನೇ ದಿನಕ್ಕೆ ಜ್ವರ ಬಿಟ್ಟಿತೆಂದು ಸಿರಪ್ ಬಾಟಲಿಯನ್ನು ಫ್ರಿಜ್ಜಿನ ಮೂಲೆಗೆ ತಳ್ಳಿ, ಮುಂದಿನ ಜ್ವರಕ್ಕೆ ಉಳಿಸಿಕೊಳ್ಳುವಂತಿಲ್ಲ. ಕಲಸಿದ ಸಿರಪ್ ಅಷ್ಟು ದಿನ ಬಾಳುವುದೂ ಇಲ್ಲ. ಪೆನಿಸಿಲಿನ್ನಿಗೆ ಈ ಬ್ಯಾಕ್ಟೀರಿಯ ಇವತ್ತಿಗೂ ಜಗ್ಗುತ್ತದೆ, ಅಜಿತ್ರೊಮೈಸಿನ್ನಿಗೆ ಕೆಲವೊಮ್ಮೆ ಜಗ್ಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಔಷಧಿಗಳಿವೆ. ಮನೆಯಲ್ಲಿ ಗಂಟಲು ಬೇನೆ ಇರುವ ಬೇರೆಯವರೂ ತೋರಿಸಿಕೊಳ್ಳಬೇಕು, ಇಲ್ಲದಿದ್ದರೆ ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಮತ್ತೆ ಅಣ್ಣನಿಗೆ ಸುತ್ತುತ್ತಲೇ ಇರುತ್ತದೆ.

ಸ್ಟ್ರೆಪ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಅಳೆಯುವ ಎಎಸ್‌ಒ ರಕ್ತ ಪರೀಕ್ಷೆಯ ಬಗ್ಗೆ ಇರುವಷ್ಟು ಗೊಂದಲ ಬೇರೊಂದರ ಬಗ್ಗೆ ಇಲ್ಲ. ಲ್ಯಾಬ್ ವರದಿಯಲ್ಲಿ 200ಕ್ಕಿಂತ ಹೆಚ್ಚಿದ್ದರೆ ಕೆಳಗೆ ಗೆರೆ ಎಳೆದು ಕೊಡುತ್ತಾರೆ. ಆ 200 ದೊಡ್ಡವರ ಲೆಕ್ಕ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ 300ರ ಆಸುಪಾಸು ಕಾಣುವುದು ಸಾಮಾನ್ಯ. ಸೋಂಕಾದ ಒಂದು ವಾರದ ಮೇಲೆ ಏರತೊಡಗಿ, ಮೂರರಿಂದ ಆರು ವಾರದಲ್ಲಿ ತುತ್ತತುದಿ ಮುಟ್ಟಿ, ತಿಂಗಳುಗಟ್ಟಲೆ ಕೆಳಗಿಳಿಯದೆ ನಿಲ್ಲುತ್ತದೆ. ಹಾಗಾಗಿ ಒಂದೇ ಒಂದು ಅಂಕಿ ಹಿಡಿದುಕೊಂಡು ಏನನ್ನೂ ಹೇಳಲಾಗದು. ಎರಡರಿಂದ ನಾಲ್ಕು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ, ಏರಿದೆಯೆ ಎಂದು ನೋಡಬೇಕು. ಸ್ವಾಬಿಗೂ ಇದೇ ಮಾತು: ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಸುಮಾರು ಹತ್ತರಲ್ಲಿ ಒಬ್ಬರ ಗಂಟಲಲ್ಲಿ ಈ ಬ್ಯಾಕ್ಟೀರಿಯ ಸುಮ್ಮನೆ ಕೂತಿರುತ್ತದೆ. ಮೂರು ವರ್ಷದಿಂದ ಚಂಚಲವಾಗಿರುವ ಹುಡುಗನ ಎಎಸ್‌ಒ 400 ಬಂದರೆ ಅವನಿಗೆ ಪ್ಯಾಂಡಾಸ್ ಬಂದಂತಾಗುವುದಿಲ್ಲ. ಎಡಿಎಚ್‌ಡಿ ಎಂಬ ಹೆಸರು ಬೇಡವೆಂದು ಸೋಂಕಿನ ಹೆಸರಿಗೆ ಜೋತುಬೀಳುವ ತಂದೆತಾಯಿ ಇದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಆ ಮಗುವಿಗೆ ಸಿಗಬೇಕಾದ ನೆರವು ಅಷ್ಟು ದಿನ ತಡವಾಗುತ್ತದೆ.

ಟಾನ್ಸಿಲ್ ತೆಗೆಸಿದರೆ ಸರಿಹೋಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಲಕ್ಷಗಳ ಲೆಕ್ಕದ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ) ಡ್ರಿಪ್ ತೀರಾ ಗಂಭೀರ ಸ್ಥಿತಿಗೆ ಮಾತ್ರ. 1999ರ ಒಂದು ಸಣ್ಣ ಅಧ್ಯಯನದಲ್ಲಿ ಅದು ಫಲ ಕೊಟ್ಟಂತೆ ಕಂಡಿತ್ತು. 2016ರಲ್ಲಿ 35 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಔಷಧಿಗೂ ಅದಕ್ಕೂ ಖಚಿತ ವ್ಯತ್ಯಾಸ ಕಾಣಲಿಲ್ಲ. ಹೊಲ ಅಡವಿಡುವ ಮೊದಲು ನಿಮ್ಹಾನ್ಸ್‌ನಂಥ ಕಡೆ ಎರಡನೇ ಅಭಿಪ್ರಾಯ ಕೇಳಿ. ಉರಿಯೂತ ಇಳಿಸಲು ಕೆಲವು ವೈದ್ಯರು ಐಬುಪ್ರೊಫೇನ್ ಬರೆಯುತ್ತಾರೆ. ಅದು ಊಟದ ಮೇಲೆ, ವೈದ್ಯರು ಹೇಳಿದಷ್ಟು ದಿನ ಮಾತ್ರ. ಮಳೆಗಾಲದಲ್ಲಿ ಜ್ವರ ಬಂದು ಡೆಂಗಿ ಇರಬಹುದೆಂಬ ಅನುಮಾನವಿದ್ದರೆ ಐಬುಪ್ರೊಫೇನನ್ನೂ ಮೆಫೆನಾಮಿಕ್ ಆಸಿಡ್ಡನ್ನೂ ಮುಟ್ಟಬೇಡಿ, ರಕ್ತಸ್ರಾವದ ಭಯವಿದೆ, ಪ್ಯಾರಾಸಿಟಮಾಲ್ ಸಾಕು. ಸ್ಟೀರಾಯ್ಡ್ ಕೊಟ್ಟ ದಿನಗಳಲ್ಲಿ ಚೇಷ್ಟೆ, ನಿದ್ರೆಗೇಡು ಹೆಚ್ಚಾಗಬಹುದು. ಗೀಳಿಗೆ ಕೊಡುವ ಮಾತ್ರೆಗಳನ್ನು ತೀರಾ ಕಡಿಮೆ ಪ್ರಮಾಣದಿಂದ ಶುರುಮಾಡುವುದೂ ಇದಕ್ಕೇ. ಬೇಗ ಏರಿಸಿದರೆ ಮಗು ಇನ್ನಷ್ಟು ಕೆರಳುತ್ತದೆ. ಆಗ ಮಾತ್ರೆಯನ್ನು ನೀವೇ ನಿಲ್ಲಿಸದೆ ಬರೆದವರಿಗೆ ಫೋನ್ ಮಾಡಿ.

ಇಷ್ಟೆಲ್ಲ ಆಸ್ಪತ್ರೆಯ ಮಾತು. ವಾರಗಟ್ಟಲೆ ನಡೆಯುವ ನಿಜವಾದ ಪಾಡು ಮನೆಯೊಳಗಿನದು.

ಕಾಯಿಲೆ ಕೆರಳಿದ ದಿನಗಳಲ್ಲಿ ಮಗುವಿನ ಓಟಕ್ಕೆ ಗುರಿ ಇರುವುದಿಲ್ಲ. ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. ಮೊದಲ ಕೆಲಸ ಅಪಾಯ ತೆಗೆಯುವುದು. ಮೈಸೂರಿನ ಮನೆಗಳಲ್ಲಿ ಸಂಪಿನ ಮುಚ್ಚಳಕ್ಕೆ ಬೀಗ, ತಾರಸಿ ಬಾಗಿಲಿಗೆ ಬೀಗ. ಮುಂಬಾಗಿಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ, ಜೊತೆಗೆ ತೆರೆದರೆ ಸದ್ದಾಗುವ ಗಂಟೆ. ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ಬೈಕಿನ ಕೀಲಿ ಮೇಲಕ್ಕೆ. ಅಡುಗೆ ಮುಗಿದ ಕೂಡಲೆ ರೆಗ್ಯುಲೇಟರ್ ಆಫ್. ಮಂಡ್ಯದ ಕಡೆ ಇದಕ್ಕಿಂತ ದೊಡ್ಡ ಚಿಂತೆ ವಿಶ್ವೇಶ್ವರಯ್ಯ ನಾಲೆ ಮತ್ತು ಕಟ್ಟೆಯಿಲ್ಲದ ತೋಟದ ಬಾವಿ. ನಾಲೆಗೆ ನೀರು ಬಿಟ್ಟ ದಿನ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ಕಾಲ ಮಗುವಿನ ಮೇಲೆ ಯಾರ ಕಣ್ಣು ಎಂಬುದು ಗಂಟೆಗಂಟೆಗೆ ಹಂಚಿಕೆಯಾಗಿರಬೇಕು. ‘ಎಲ್ಲರೂ ನೋಡ್ಕತಾವ್ರೆ’ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ.

ರಾತ್ರಿಯೂ ಹಾಗೆ. ತಾಯಿಯೊಬ್ಬಳೇ ಎದ್ದಿದ್ದರೆ ನಾಲ್ಕನೇ ದಿನಕ್ಕೆ ಅವಳ ಕೈಯೇ ಮೇಲೇಳುತ್ತದೆ. ಹತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಇನ್ನೊಬ್ಬರು ಎಂದು ಪಾಳಿ ಮಾಡಿಕೊಂಡು, ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಮಲಗಲಿ. ಗಂಡಸರು ಬೆಳಿಗ್ಗೆ ಡ್ಯೂಟಿ ಇದೆ ಎನ್ನುತ್ತಾರೆ. ಹೆಂಗಸರಿಗೂ ಬೆಳಿಗ್ಗೆ ಡ್ಯೂಟಿ ಇದೆ.

ಹೊಡೆಯುವುದರಿಂದ ಲಾಭವಿಲ್ಲ. ಇದು ಮುದ್ದಿನ ಮಾತಲ್ಲ. ನಿಲ್ಲಿಸಲು ಆಗದ ಮಗುವಿಗೆ ಹೊಡೆತದಿಂದ ಭಯ ಹೆಚ್ಚುತ್ತದೆ, ಭಯದಿಂದ ಗೀಳು ಮತ್ತು ಟಿಕ್ಸ್ ಹೆಚ್ಚುತ್ತವೆ. ಸೂಚನೆ ಒಂದು ಸಲಕ್ಕೆ ಒಂದೇ ಇರಲಿ. ‘ಚಪ್ಪಲಿ ಹಾಕ್ಕೊ, ಬ್ಯಾಗ್ ತಗೊ, ನೀರಿನ ಬಾಟಲ್ ಎಲ್ಲಿ?’ ಎಂದರೆ ಮೂರೂ ಹೋಗುತ್ತವೆ. ಓದಿಸುವುದು ಹತ್ತು ನಿಮಿಷ, ಮೈಯಾಡಿಸುವುದು ಐದು ನಿಮಿಷ: ಗಿಡಕ್ಕೆ ಚೊಂಬಿನಲ್ಲಿ ನೀರು ಹೊರುವುದು, ಚಪಾತಿ ಹಿಟ್ಟು ನಾದುವುದು. ಇದರಿಂದ ಕಾಯಿಲೆ ವಾಸಿಯಾಗದು, ಆ ಸಂಜೆ ದಾಟುತ್ತದೆ.

ಗೀಳಿನ ವಿಚಾರದಲ್ಲಿ ಮನೆ ಮಂದಿ ಮಾಡುವ ತಪ್ಪು ಪ್ರೀತಿಯಿಂದಲೇ ಹುಟ್ಟುತ್ತದೆ. ಮಗು ಕೇಳಿದಷ್ಟೂ ಸಲ ‘ಹೂಂ ಕಂದ, ಗ್ಯಾಸ್ ಆಫ್ ಆಗಿದೆ’ ಎಂದು ಉತ್ತರಿಸುತ್ತಾರೆ, ತಟ್ಟೆಯನ್ನು ನಾಲ್ಕು ಸಲ ತೊಳೆದುಕೊಡುತ್ತಾರೆ. ವಾರದೊಳಗೆ ಇಡೀ ಮನೆ ಗೀಳಿನ ಚಾಕರಿಗೆ ನಿಂತಿರುತ್ತದೆ, ಅಷ್ಟಾದರೂ ಮಗುವಿಗೆ ಸಮಾಧಾನ ಇಲ್ಲ. ಕೆರಳಿದ ತುದಿಯಲ್ಲಿ ಜಗ್ಗಾಡಬೇಡಿ. ಸ್ವಲ್ಪ ಇಳಿದ ಮೇಲೆ ಮಗುವಿಗೆ ಹೇಳಿಯೇ, ಮನಃಶಾಸ್ತ್ರಜ್ಞರ ಮಾರ್ಗದರ್ಶನದಲ್ಲಿ ಕಡಿಮೆ ಮಾಡುತ್ತ ಬನ್ನಿ: ಉತ್ತರ ಒಂದೇ ಸಲ, ಇಪ್ಪತ್ತು ಸಲದ ಕೈತೊಳೆತ ಹದಿನೈದಕ್ಕೆ, ಆಮೇಲೆ ಹತ್ತಕ್ಕೆ. ಅಜ್ಜಿ ಅಡುಗೆಮನೆಯಲ್ಲಿ ಗುಟ್ಟಾಗಿ ಇಪ್ಪತ್ತೊಂದನೇ ಸಲ ನೀರು ಹಾಕಿದರೆ ಎಲ್ಲ ಮೊದಲಿನಿಂದ. ಹಾಗಾಗಿ ಅಜ್ಜಿಯನ್ನೂ ಒಂದು ಸಲ ಆಪ್ತಸಮಾಲೋಚನೆಗೆ ಕರೆದೊಯ್ಯಿರಿ. ‘ನಿನ್ನ ಸಾಕಣೆ ಸರಿಯಿಲ್ಲ’ ಎಂದು ಸೊಸೆಗೆ ಬೀಳುವ ಮಾತೂ ಅಲ್ಲಿಗೆ ಅರ್ಧ ನಿಲ್ಲುತ್ತದೆ. ಇಷ್ಟರಲ್ಲಿ ಇನ್ನೊಂದು ಮಗು ಮನೆಯಲ್ಲಿದೆ ಎಂಬುದೇ ಮರೆತಿರುತ್ತದೆ. ದಿನಕ್ಕೆ ಅರ್ಧ ಗಂಟೆ ಅದಕ್ಕೆ ಮೀಸಲಿಡಿ, ಹೊರಗೆ ಸುತ್ತಾಡಿಸಿದರೂ ಆಯಿತು.

ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಐದು ಸಾಲು ಸಾಕು: ಎಷ್ಟು ಗಂಟೆ ನಿದ್ರೆ, ಎಷ್ಟು ಸಲ ಮೂತ್ರ, ಏನು ತಿಂದಿತು, ಗೀಳು ಮತ್ತು ಟಿಕ್ಸ್‌ಗೆ ಹತ್ತರಲ್ಲಿ ಎಷ್ಟು ಅಂಕ, ಜ್ವರ ಮತ್ತು ಔಷಧಿ. ಮೈ ಚಲನೆಯ ಒಂದು ನಿಮಿಷದ ವಿಡಿಯೊ ವೈದ್ಯರಿಗಾಗಿ ಇರಲಿ, ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಬೇಡ. ಫಿಟ್ಸ್ ಬಂದರೆ, ಮಗು ಮಂಕಾಗಿ ಗುರುತು ಹಿಡಿಯದಿದ್ದರೆ, ನಡಿಗೆ ತಪ್ಪಿದರೆ, ನುಂಗಲು ಹೆದರಿ ನೀರೂ ಬಿಟ್ಟು 8 ಗಂಟೆ ಮೂತ್ರವಾಗದಿದ್ದರೆ ನೋಟ್‌ಬುಕ್ ಬದಿಗಿಟ್ಟು ಅಂದೇ ಚೆಲುವಾಂಬ ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೊರಡಿ. ಮಿದುಳಿನ ಉರಿಯೂತದಂಥ ಬೇರೆ ಕಾಯಿಲೆಗಳೂ ಹೀಗೆ ಕಾಣಿಸಿಕೊಳ್ಳುತ್ತವೆ. ತಂದೆತಾಯಿಯೇ ಕುಸಿದ ರಾತ್ರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಶಾಲೆಗಳಲ್ಲಿ ವಿನಂತಿ ಇಷ್ಟೆ. ಬಾಗಿಲ ಹತ್ತಿರದ ಜಾಗ, ಕೇಳದೆ ಶೌಚಾಲಯಕ್ಕೆ ಹೋಗುವ ಅನುಮತಿ, ಅರ್ಧದಷ್ಟು ಹೋಂವರ್ಕ್, ಬರೆಯಲಾಗದ ದಿನ ಬಾಯಲ್ಲೇ ಉತ್ತರ. ಅಕ್ಷರ ಕೆಟ್ಟಿತೆಂದು ನೂರು ಸಲ ಇಂಪೊಸಿಷನ್ ಬರೆಸುವುದು ಬೇಡವೇ ಬೇಡ. ತರಗತಿಯಲ್ಲಿ ಗಂಟಲು ಬೇನೆ ಹಬ್ಬಿದ್ದರೆ ಆ ಮನೆಗೆ ಒಂದು ಫೋನ್ ಮಾಡಿ. ಮಗು ಸರಿಹೋದ ಮೇಲೆ ಈ ರಿಯಾಯಿತಿಗಳನ್ನು ತೆಗೆದು ಎಲ್ಲರಂತೆ ನೋಡಿ. ಹಣೆಪಟ್ಟಿ ಮಾತ್ರ ಉಳಿಯಬಾರದು.

ಆರೋಗ್ಯ ಇಲಾಖೆಗೆ ಎರಡು ಬೇಡಿಕೆಗಳಿವೆ. ತಾಲ್ಲೂಕು ಆಸ್ಪತ್ರೆಯಲ್ಲೇ ಗಂಟಲ ಸ್ವಾಬ್ ತೆಗೆದು ಕಲ್ಚರಿಗೆ ಕಳಿಸುವ ವ್ಯವಸ್ಥೆ ಮಾಡಲಿ, ಬೆಂಜಥೀನ್ ಪೆನಿಸಿಲಿನ್ ದಾಸ್ತಾನು ತಪ್ಪದಿರಲಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೊಮ್ಮೆ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ. ರುಮ್ಯಾಟಿಕ್ ಹೃದ್ರೋಗವೂ ಎಡಿಎಚ್‌ಡಿಯೂ ಅವರ ಪಟ್ಟಿಯಲ್ಲಿವೆ. ಮಗು ಚಂಚಲ ಎಂದು ಬರೆಯುವ ಜಾಗದ ಪಕ್ಕದಲ್ಲೇ ‘ಎಂದಿನಿಂದ?’, ‘ಅದಕ್ಕೆ ಮುಂಚೆ ಗಂಟಲು ನೋವಿತ್ತೆ?’ ಎಂಬ ಎರಡು ಖಾಲಿ ಗೆರೆ ಅಚ್ಚು ಹಾಕಿಸಿದರೆ ಸಾಕು.

ಇಂತಿ,
ಮಕ್ಕಳ ಆರೋಗ್ಯ ಮತ್ತು ಆಪ್ತಸಮಾಲೋಚನೆಯಲ್ಲಿ ತೊಡಗಿರುವ ಕೆಲವರು,
ಮೈಸೂರು